ಸಭಾಂಗಣದಲ್ಲಿ ಮೂರನೇ ತರಗತಿ

ಏಳರ ಮಗ್ಗಿ ಅರ್ಧಕ್ಕೆ ಬಂದಿತ್ತು. ಅವನು ಬಾಗಿಲು ತಟ್ಟದೆಯೇ ಒಳಗೆ ಬಂದ. ಕೈಯಲ್ಲಿ ಉದ್ದನೆಯ ಬಿದಿರುಕೋಲು, ಅದರ ತುದಿಗೆ ಕಟ್ಟಿದ ಸುತ್ತಿಗೆ.

"ಮೇಡಂ, ಮಕ್ಕಳನ್ನ ಹೊರಗೆ ಕಳಿಸಿ."

"ಮಗ್ಗಿ ಮುಗೀಲಿ."

"ಈಗಲೇ."

ಅವಳು ಅವನ ಮುಖ ನೋಡಿದಳು. ನಗರಸಭೆಗೆ ಹೊಸದಾಗಿ ಬಂದಿದ್ದ ಇಂಜಿನಿಯರ್. ಹಣೆಯಲ್ಲಿ ಬೆವರು. ಯಾಕಿಷ್ಟು ಅವಸರ ಈ ಮನುಷ್ಯನಿಗೆ... ಎಂದುಕೊಂಡು ಮಕ್ಕಳನ್ನು ಸಾಲಾಗಿ ಅಂಗಳಕ್ಕೆ ಕಳಿಸಿದಳು. ತಾನು ಮಾತ್ರ ಮೇಜಿನ ಪಕ್ಕದಲ್ಲೇ ನಿಂತಳು. ಹೊರಗೆ ಹೋಗಬೇಕೆಂದು ಅವಳಿಗೆ ತೋಚಲೇ ಇಲ್ಲ.

ಅವನು ತಲೆಯ ಮೇಲಿನ ತಾರಸಿಯನ್ನು ಕೋಲಿನಿಂದ ಮೆಲ್ಲಗೆ ತಟ್ಟುತ್ತ ಬಂದ. ಮೊದಲು ಗಟ್ಟಿ ಸದ್ದು, ಮತ್ತೆ ಗಟ್ಟಿ ಸದ್ದು. ಆಮೇಲೆ ಟೊಳ್ಳು. ಅದರ ಹಿಂದೆಯೇ ತಟ್ಟೆಯಗಲದ ಕಾಂಕ್ರೀಟ್ ಚೂರು ಕಳಚಿ, ಅವಳ ಭುಜದ ಪಕ್ಕದಿಂದಲೇ ಮೇಜಿನ ಮೇಲೆ ಬಿತ್ತು.

ಅವನ ಕೈಯಿಂದ ಕೋಲು ಜಾರಿತು.

ಅವಳು ಡಸ್ಟರ್ ತೆಗೆದುಕೊಂಡು ಮೇಜು ಒರೆಸಿದಳು.

"ನಿಮಗೆ... ಹೆದರಿಕೆ ಆಗ್ಲಿಲ್ವಾ?" ಎಂದ ಅವನು.

ಅವಳು ನಿಜವಾಗಿಯೂ ಯೋಚಿಸಿದಳು. "ಆಗ್ಬೇಕಿತ್ತು ಅಲ್ವಾ?"

ಅವನು ಕೋಲನ್ನು ಎತ್ತಿಕೊಂಡು ಹೊರಟ. ಆದರೆ ಆ ದಿನ ಮನೆಗೆ ಹೋಗುವಾಗ ಅವನ ತಲೆಯಲ್ಲಿದ್ದದ್ದು ತಾರಸಿಯಲ್ಲ, ಅವಳು ಮೇಜು ಒರೆಸಿದ ರೀತಿ.

ಅಮ್ಮ ಹೋದಂದಿನಿಂದ ಅವಳು ಹೀಗೆಯೇ. ದುಃಖ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಬಂಧುಗಳೆಲ್ಲ ಸುತ್ತ ಕೂತು ಕಾದರು. ಬರಲಿಲ್ಲ. ಕಾದು ಕಾದು ಸುಸ್ತಾಗಿ ಅವರವರ ಊರಿಗೆ ಹೋದರು. ಉಳಿದವಳು ಚಿಕ್ಕಮ್ಮ ಒಬ್ಬಳೇ. ಅವಳಿಗೆ ಹೋಗಲು ಬೇರೆ ಊರಿರಲಿಲ್ಲ.

ಇವಳು ಉಣ್ಣುತ್ತಿದ್ದಳು, ಪಾಠ ಮಾಡುತ್ತಿದ್ದಳು, ನಗಬೇಕಾದಲ್ಲಿ ನಗುತ್ತಿದ್ದಳು. ಲೋಕವೆಲ್ಲ ಪಕ್ಕದ ಮನೆಯ ರೇಡಿಯೊದಂತೆ ಕೇಳಿಸುತ್ತಿತ್ತು. ಯಾವ ಮಾತೂ ತನಗೆ ಹೇಳಿದ್ದೆಂದು ಅನಿಸುತ್ತಿರಲಿಲ್ಲ.

ಕಟ್ಟಡ ಅಪಾಯಕಾರಿ ಎಂದು ಇಂಜಿನಿಯರ್ ವರದಿ ಕೊಟ್ಟ. ಶಾಲೆಗೆ ಬೀಗ ಬಿತ್ತು. ಉಳಿದ ತರಗತಿಗಳು ಊರಿನ ಬೇರೆ ಶಾಲೆಗಳಲ್ಲಿ ಹಂಚಿಹೋದವು. ಅವಳ ಮೂರನೇ ತರಗತಿಗೆ ಮಾತ್ರ ಜಾಗ ಸಿಕ್ಕಿದ್ದು ನಗರಸಭೆಯ ಸಭಾಂಗಣದಲ್ಲಿ, ಸಾಕ್ಷಾತ್ ಸದಸ್ಯರು ಕೂರುವ ಕುರ್ಚಿಗಳಲ್ಲಿ.

ಆ ಹಾಲ್ ಕಟ್ಟಿದ ಮೇಲೆ ಅಲ್ಲಿ ಪೂರ್ಣ ಹಾಜರಾತಿ ಕಂಡದ್ದು ಅದೇ ಮೊದಲು. ಮಾತಾಡುವ ಮುನ್ನ ಕೈಯೆತ್ತುವ ಪದ್ಧತಿಯೂ ಅಲ್ಲಿಗೆ ಹೊಸದು. ಅಧ್ಯಕ್ಷರ ಎತ್ತರದ ಕುರ್ಚಿಗೆ ಜಗಳವಾಯಿತು. ಜಗಳ ಮಾತ್ರ ಆ ಕುರ್ಚಿಗೆ ಹಳೆಯ ಪರಿಚಯ.

ಇಂಜಿನಿಯರ್ ದಿನವೂ ಬೆಳಗ್ಗೆ ಬರತೊಡಗಿದ. ಫ್ಯಾನ್ ನೋಡಲು, ಕಿಟಕಿಯ ಕೊಂಡಿ ನೋಡಲು, ಕೊನೆಗೆ ನೋಡಲು ಏನೂ ಉಳಿಯದಿದ್ದಾಗ ಮತ್ತೆ ಫ್ಯಾನ್ ನೋಡಲು. ಮಕ್ಕಳು ಅವನಿಗೆ ಸುತ್ತಿಗೆ ಮಾಮ ಎಂದು ಹೆಸರಿಟ್ಟರು.

ಒಂದು ದಿನ ಎಲ್ಲ ಕುರ್ಚಿಗಳ ಮುಂದೆಯೂ ಮರದ ಹಲಗೆಗಳಿದ್ದವು.

"ಇವು ಯಾಕೆ ಸಾರ್?"

"ಕುರ್ಚಿ ದೊಡ್ಡೋರದು. ಮಕ್ಕಳ ಕಾಲು ನೆಲಕ್ಕೆ ಎಟುಕ್ತಿಲ್ಲ, ಇಡೀ ದಿನ ನೇತಾಡ್ಕೊಂಡಿದ್ರೆ ನೋವು ಬರುತ್ತೆ."

ಅವಳು ಹಲಗೆಗಳನ್ನು ನೋಡಿದಳು. ಅಂಚು ಮಕ್ಕಳ ಕಾಲಿಗೆ ತಾಗದಿರಲೆಂದು ಉಜ್ಜಿ ನುಣುಪು ಮಾಡಿಸಿದ್ದ. ನನಗೆ ಯಾಕೆ ಇದು ಕಾಣಿಸಲಿಲ್ಲ? ಎದೆಯಲ್ಲಿ ಎಲ್ಲೋ ಏನೋ ಸ್ವಲ್ಪ ಕದಲಿತು... ನಿಂತುಹೋಯಿತು.

"ನಮ್ಮ ಶಾಲೆ ಮತ್ತೆ ತೆರೀತಾರಾ?"

ಅವನು ಬಾಗಿಲ ಕಡೆ ನೋಡಿದ. ಹೊರಗೆ ಇಬ್ಬರು ಸದಸ್ಯರು ನಿಂತಿದ್ದರು. "ಸ್ವಲ್ಪ ದಿನ ನಂಬಿ ಮೇಡಂ. ಈಗ ಏನೂ ಕೇಳ್ಬೇಡಿ."

ಕೇಳಬೇಡಿ ಎಂದರೆ ಅವಳಿಗೇನೂ ಕಷ್ಟವಿರಲಿಲ್ಲ. ಕಷ್ಟವಾದದ್ದು ಚಿಕ್ಕಮ್ಮನಿಗೆ.

"ನಿನಗೆ ಗೊತ್ತೇನೇ?" ಅಂದು ಸಂಜೆ ಚಿಕ್ಕಮ್ಮ ಚೀಲ ಕೆಳಗಿಡುವ ಮೊದಲೇ ಶುರುಮಾಡಿದಳು. "ನಿಮ್ಮ ಶಾಲೆ ಜಾಗದಲ್ಲಿ ಅಂಗಡಿ ಸಾಲು ಬರುತ್ತಂತೆ. ನಕ್ಷೆನೂ ಆಗಿದೆಯಂತೆ. ಟೈಲರ್ ಆಗಲೇ ಮೂಲೆ ಮಳಿಗೆ ತನಗೆ ಅಂತ ಹೇಳ್ಕೊಂಡು ತಿರುಗ್ತಿದಾನೆ."

"ಹೌದಾ."

"ಹೌದಾ ಅಂತೆ! ನಿನ್ನ ಆ ಸುತ್ತಿಗೆ ಮಹಾರಾಯ ಒಳ್ಳೆ ತಾರಸಿಗೆ ಕುಟ್ಟಿ ಕುಟ್ಟಿ ಬೀಳಿಸಿದ್ದು ಸುಮ್ನೆ ಅಂದ್ಕೊಂಡ್ಯಾ? ಹಲಗೆ ಇಟ್ಟು ನಿನ್ನ ಬಾಯಿಗೂ ಬೀಗ ಹಾಕಿದ."

ಅವಳು ತಟ್ಟೆ ತೊಳೆದಿಟ್ಟಳು. ಹಾಗಾದರೆ ಅದಕ್ಕೇ ಕೇಳಬೇಡಿ ಅಂದದ್ದು... ಸಿಟ್ಟು ಬರುತ್ತದೇನೋ ಎಂದು ಕಾದಳು. ಅದೂ ಬರಲಿಲ್ಲ. ಆದರೆ ಮಾಡಬೇಕಾದ ಕೆಲಸವೊಂದು ಇದೆ ಎಂಬುದಷ್ಟೇ ಹೊಳೆಯಿತು.

ವಾರ್ಡ್ ಸಭೆಯಲ್ಲಿ ಚರಂಡಿಯ ವಿಷಯ ಮುಗಿದು ಬೀದಿದೀಪದ ವಿಷಯ ಬರುವ ನಡುವೆ ಅವಳು ಎದ್ದು ನಿಂತಳು.

"ತಾರಸಿ ಚೆನ್ನಾಗೇ ಇತ್ತು. ಈ ಇಂಜಿನಿಯರ್ ಸಾರ್ ಬಂದದ್ದು ನಮ್ಮ ಶಾಲೆ ಮುಚ್ಚೋಕೆ."

ಅತ್ತು ಕೂಗಾಡಿದ್ದರೆ ಊರು ಪಾಪ ಎಂದು ಮರೆಯುತ್ತಿತ್ತು. ಅವಳು ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು, ಊರು ನಂಬಿಬಿಟ್ಟಿತು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಅವನನ್ನು ಎಲ್ಲರೂ ತಿರುಗಿ ನೋಡಿದರು. ಅವನು ಅವಳೊಬ್ಬಳನ್ನೇ ನೋಡಿದ. ಬಾಯಿ ತೆರೆದ... ಮುಚ್ಚಿದ.

ಮರುದಿನ ಫ್ಯಾನ್ ನೋಡಲು ಯಾರೂ ಬರಲಿಲ್ಲ. ಅದರ ಮರುದಿನವೂ.

ಬಂದದ್ದು ನಗರಸಭೆಯ ಅಧ್ಯಕ್ಷೆ, ಅದೂ ಕೆಲವು ವಾರಗಳ ಮೇಲೆ. ಮಕ್ಕಳು ಮನೆಗೆ ಹೊರಟಿದ್ದರು. ಅಧ್ಯಕ್ಷೆ ತಮ್ಮ ಕುರ್ಚಿಯ ಮೇಲಿದ್ದ ಬಣ್ಣದ ಬಳಪವನ್ನು ಎತ್ತಿಟ್ಟು ನಿಟ್ಟುಸಿರಿನೊಂದಿಗೆ ಕೂತರು.

"ಇನ್ನೆಷ್ಟು ದಿನಾನಮ್ಮ ಟೀಚರಮ್ಮ? ಸೈಕಲ್ ಶೆಡ್ಡಲ್ಲಿ ಸಭೆ ಮಾಡಿ ಮಾಡಿ ನಮ್ಮ ಸದಸ್ಯರಿಗೆ ಸೊಂಟ ಹೋಯ್ತು. ಇವತ್ತು ತಾರಸಿ ಹಾಕ್ತಿದಾರೆ, ಬೇಗ ಒಣಗಿ ನೀವು ಹೊರಟ್ರೆ ಸಾಕು."

"ಯಾವ ತಾರಸಿ?"

"ನಿಮ್ಮ ಶಾಲೇದು. ಮತ್ಯಾವುದು?"

"ಅಲ್ಲಿ ಅಂಗಡಿ ಅಂತ..."

"ಅಂಗಡಿ ಎಲ್ಲಿ ಬಂತು? ಆ ನಿಮ್ಮ ಇಂಜಿನಿಯರ್ ಬಿಟ್ಟನಾ? ನಗರಸಭೆ ಗೋಡೌನ್ ಖಾಲಿ ಇದೆ ಕಣಪ್ಪ, ಮಕ್ಕಳನ್ನ ಅಲ್ಲಿ ಹಾಕು ಅಂದೆ. ಅಲ್ಲಿ ಇಲಿ, ಇಲ್ಲಿ ಮಾತ್ರ ಸುರಕ್ಷಿತ ಅಂತ ಬರೆದುಕೊಟ್ಟ. ಆಮೇಲೆ ಗೊತ್ತಾಯ್ತು ಅವನ ಉಪಾಯ. ಗೋಡೌನಲ್ಲಿ ಹಾಕಿದ್ರೆ ಹತ್ತು ವರ್ಷ ಯಾರೂ ಶಾಲೆ ಕಡೆ ತಿರುಗಿ ನೋಡ್ತಿರಲಿಲ್ಲ. ನಮ್ಮ ಕುರ್ಚಿಲೇ ತಂದು ಕೂರಿಸಿದ, ನಾವೇ ಓಡೋಡಿ ತಾರಸಿಗೆ ದುಡ್ಡು ಮಂಜೂರು ಮಾಡೋ ಹಾಗಾಯ್ತು."

ಅವಳು ಕುರ್ಚಿಗಳ ಮುಂದಿದ್ದ ಹಲಗೆಗಳ ಕಡೆ ತಿರುಗಿದಳು.

"ನೀವು ಆವತ್ತು ಎದ್ದು ಹೇಳಿದ್ದು ಮಾತ್ರ ದೊಡ್ಡ ಉಪಕಾರ," ಎಂದರು ಅಧ್ಯಕ್ಷೆ ಪ್ರಾಮಾಣಿಕವಾಗಿ. "ಸಾರ್ವಜನಿಕರ ದೂರು ಅಂತ ವರ್ಗ ಮಾಡಿಸ್ದೆ. ನಾಳೆ ಹೊರಡ್ತಾನೆ."

"ನಾನು ಆ ಮಾತು ವಾಪಸ್ ತಗೋತೀನಿ."

"ಅದು ಬಾಯಲ್ಲಿ ಹೇಳಿದ್ದಮ್ಮ. ವಾಪಸ್ ಕೊಡೋಕೆ ನಮ್ಮಲ್ಲಿ ಏನಿದೆ?"

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ತಾನು ನಡೆಯುತ್ತಿಲ್ಲ, ಓಡುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು ಶಾಲೆಯ ಗೇಟಿನ ಮುಂದೆ.

ಕಾಂಕ್ರೀಟ್ ಹಾಕಲು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಹಾಗಾಗಿ ಅವನು ಎಲ್ಲಿಗೂ ತಪ್ಪಿಸಿಕೊಳ್ಳುವಂತಿರಲಿಲ್ಲ. ತಾರಸಿಯ ಅಂಚಿನಲ್ಲಿ, ಬೂಟಿನ ತುಂಬ ಸಿಮೆಂಟ್ ಮೆತ್ತಿಕೊಂಡು ನಿಂತಿದ್ದ. ಅವಳು ಮರದ ಏಣಿ ಹತ್ತಿದಳು.

"ನಿಧಾನ... ಮೇಲಿಂದ ಮೂರನೇ ಮೆಟ್ಲು ಸಡಿಲ ಇದೆ," ಎಂದು ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಅವನ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು.

"ನೀವ್ಯಾಕೆ ಆವತ್ತು ಬಾಯಿ ಬಿಡ್ಲಿಲ್ಲ?"

"ಆ ಮೂಲೆಗೆ ಇನ್ನೊಂದು ಬಾಂಡ್ಲಿ ಕಾಂಕ್ರೀಟ್ ಹಾಕಿ," ಎಂದು ಅವನು ಕೆಲಸದವರಿಗೆ ಕೂಗಿ ಹೇಳಿ, ಇತ್ತ ತಿರುಗಿದ. "ಬಾಯಿ ಬಿಟ್ಟಿದ್ರೆ ಮಕ್ಕಳು ಮರುದಿನವೇ ಗೋಡೌನಿಗೆ ಹೋಗ್ತಿದ್ರು. ಮಂಜೂರಾತಿಗೆ ಇನ್ನೊಂದು ಸಹಿ ಬಾಕಿ ಇತ್ತು."

"ನನಗಾದ್ರೂ ಹೇಳಬಹುದಿತ್ತು."

"ಹೇಳಬಹುದಿತ್ತು. ನಿಮ್ಮ ಮುಖ ನೋಡಿದ್ರೆ... ನಿಮಗೆ ಯಾವುದೂ ಬೇಕಿಲ್ಲ ಅನಿಸ್ತಿತ್ತು. ಶಾಲೆನೂ. ನಾನೂ. ನೀವು ಎದ್ದು ನಿಂತು ನನ್ನ ಮೇಲೆ ದೂರು ಹೇಳಿದಾಗ ಒಂದು ಕ್ಷಣ ಸಂತೋಷ ಆಯ್ತು, ನಗಬೇಡಿ. ಶಾಲೆಯಾದ್ರೂ ಬೇಕಿದೆಯಲ್ಲ ಅಂತ."

ಅವಳು ನಗಲಿಲ್ಲ.

"ನಮ್ಮಮ್ಮ ಹೋದ್ಮೇಲೆ ನನಗೆ ಏನೂ ಆಗ್ತಿರಲಿಲ್ಲ," ಎಂದಳು. "ಕಾಂಕ್ರೀಟ್ ಬಿದ್ರೂ ಆಗ್ಲಿಲ್ಲ, ನಿಮಗೇ ಗೊತ್ತಲ್ಲ. ಈಗ ಅಧ್ಯಕ್ಷರು ನೀವು ನಾಳೆ ಹೊರಡ್ತೀರಿ ಅಂದ್ರು..."

"ಏನಾಯ್ತು?"

"ಹೆದರಿಕೆ ಆಯ್ತು."

ಕೆಲಸದವರು ಅವನನ್ನು ಏನೋ ಕೇಳಿದರು. ಅವನಿಗೆ ಕೇಳಿಸಲಿಲ್ಲ.

"ಅಳ್ತಿದೀರಾ?" ಎಂದ ಮೆಲ್ಲಗೆ.

"ಸಿಮೆಂಟ್ ಧೂಳು."

"ಗಾಳಿ ಆ ಕಡೆಗೆ ಬೀಸ್ತಿದೆ."

"ಹಾಗಾದ್ರೆ ಅಳ್ತಿದೀನಿ," ಎಂದಳು ಅವಳು. ಅಮ್ಮನಿಗಾಗಿ ಸೇರಿಸಿಟ್ಟಿದ್ದೆಲ್ಲ ಎಲ್ಲಿತ್ತೋ, ಹಸಿ ತಾರಸಿಯ ಅಂಚಿನಲ್ಲಿ ನಿಂತವಳ ಕೆನ್ನೆಯ ಮೇಲೆ ಸದ್ದಿಲ್ಲದೆ ಇಳಿಯತೊಡಗಿತು. ಅವನು ಕೆಲಸದವರಿಗೆ ಕಾಣದಂತೆ ಅವಳ ಮುಂದೆ ಅಡ್ಡ ನಿಂತ, ಹಿಡಿದಿದ್ದ ಕೈ ಬಿಡಲಿಲ್ಲ.

ಕಣ್ಣೊರೆಸಿಕೊಂಡು ಅವಳೇ ಕೇಳಿದಳು. "ಹೋಗೋ ಊರು ದೂರಾನಾ?"

"ಬಸ್ಸಲ್ಲಿ ಒಂದು ನಿದ್ದೆ. ಭಾನುವಾರ ಬರ್ತೀನಿ."

"ತಾರಸಿ ನೋಡೋಕಾ?"

"ಕೇಳಿದವರಿಗೆ ಹಾಗೇ ಹೇಳೋಣ."

"ಬೇಡ. ಊರವರ ಮುಂದೆ ಒಂದ್ಸಲ ತಪ್ಪು ಹೇಳಿದೀನಿ. ಮುಂದಿನ ವಾರ್ಡ್ ಸಭೇಲಿ ಎದ್ದು ನಿಂತು ಸರಿಯಾಗಿ ಹೇಳ್ತೀನಿ."

"ಏನಂತ?"

"ತಾರಸಿ ನಿಜವಾಗ್ಲೂ ಕೆಟ್ಟಿತ್ತು, ಸಾರ್ ಅದನ್ನ ಹೊಸದಾಗಿ ಹಾಕಿಸಿಕೊಟ್ರು ಅಂತ. ಆದ್ರೆ ಭಾನುವಾರ ನನ್ನನ್ನ ನೋಡೋಕೆ ಬರ್ತಾರೆ ಅಂತ."

ಅವನ ಬೂಟು ಹಸಿ ಕಾಂಕ್ರೀಟಿನಲ್ಲಿ ಇಳಿಯುತ್ತಿತ್ತು. ಅವನು ಗಮನಿಸಲಿಲ್ಲ.

"ಬರ್ತಾರೆ," ಎಂದ.