ಮಕ್ಕಳಿರುವವರ ಸಾಲು

“ಗಿಜ್ಲಾನ್! ಏ ಗಿಜ್ಲಾನ್! ಎಲ್ಲಿ ಹಾಳಾಗಿ ಹೋದೆಯೇ?”

ಅಮ್ಮ ಕೂಗುತ್ತಿದ್ದಳು. ಗಿಜ್ಲಾನ್ ಕಿತ್ತಳೆ ಗಾಡಿಯ ಹಿಂದೆ ಇನ್ನಷ್ಟು ಮುದುಡಿ ಕೂತಳು. ಗಾಡಿಯ ಕತ್ತೆ ಅವಳ ಕೂದಲನ್ನು ಮೂಸಿತು.

“ಶ್! ನೀನೂ ಹೇಳಿಕೊಡ್ಬೇಡ.”

ಕಚೇರಿಯ ಅಂಗಳದ ಆಚೆ ಬದಿಯಲ್ಲಿ ಹೆಂಗಸರ ಉದ್ದನೆಯ ಲೈನ್ ಇತ್ತು. ಸ್ಪೇನಿನ ಸ್ಟ್ರಾಬೆರಿ ತೋಟಗಳಿಗೆ ಈ ಸಲವೂ ಕೆಲಸದವರು ಸಾಲುತ್ತಿಲ್ಲವಂತೆ. ಆರಿಸಿಕೊಳ್ಳುವವರು ಸಮುದ್ರ ದಾಟಿ ಮೊರೊಕ್ಕೊಗೆ ಬಂದಿದ್ದರು. ಹಣ್ಣಿನ ಕಾಲ ಮುಗಿಯುವವರೆಗೆ ಮಾತ್ರ ವೀಸಾ, ಆಮೇಲೆ ವಾಪಸ್. ಅದಕ್ಕೇ ಅವರಿಗೆ ಚಿಕ್ಕ ಮಕ್ಕಳಿರುವ ತಾಯಂದಿರೇ ಬೇಕು. ಮಗುವನ್ನು ಜೊತೆಗೇ ಕರೆದೊಯ್ದು ತೋರಿಸಿದರೆ ಇನ್ನೂ ಒಳ್ಳೆಯದೆಂದು ಯಾರೋ ಹೇಳಿದ್ದರು. ಹೀಗಾಗಿ ಇವತ್ತು ಗಿಜ್ಲಾನಳ ಅರ್ಧ ಕ್ಲಾಸ್ ಈ ಅಂಗಳದಲ್ಲೇ ಇತ್ತು.

ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಅಮ್ಮನ ಕೂಲಿಯಿಂದಲೇ, ಅದೂ ವರ್ಷವಿಡೀ ಸಿಗುತ್ತಿರಲಿಲ್ಲ. ಅದು ಗಿಜ್ಲಾನಳಿಗೂ ಗೊತ್ತು. ಆದರೆ ಅಮ್ಮ ಹೋದರೆ?

ನಾನು ಕಾಣಿಸದಿದ್ದರೆ ಅಮ್ಮ ಹೋಗುವುದಿಲ್ಲ ಎಂದುಕೊಂಡಳು.

“ಇಲ್ಲಿದ್ದೀಯಾ ಕಳ್ಳಿ!”

ಮಹ್ಜೂಬಾ ಚಿಕ್ಕಮ್ಮ! ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ವಾಪಸ್ ಕಳಿಸಿದ ಮೇಲೆ ಅವಳು ಇವರ ಜೊತೆಗೇ ಇದ್ದಳು. ಲೈನಿನಲ್ಲಿ ಎಲ್ಲರಿಗಿಂತ ಮೊದಲು ನಿಂತಿದ್ದವಳು ಆಗಲೇ ಹೊರಗೆ ಬಂದುಬಿಟ್ಟಿದ್ದಳು.

“ಹೇಳ್ಬೇಡ ಚಿಕ್ಕಮ್ಮಾ, ಪ್ಲೀಸ್! ನಾನು ಸಿಕ್ಕದಿದ್ರೆ ಅಮ್ಮನ್ನ ಅವರು ತಗೊಳ್ಳಲ್ಲ.”

ಚಿಕ್ಕಮ್ಮ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತಳು.

“ನಿನ್ನ ತಗೊಂಡ್ರಾ?” ಗಿಜ್ಲಾನ್ ಕೇಳಿದಳು.

“ಕೈ ತೋರ್ಸು ಅಂದ್ರು. ತೋರ್ಸಿದೆ. ಒಳ್ಳೇ ಕೈ, ಹೊಲದಲ್ಲಿ ದುಡಿದ ಕೈ ಅಂದ್ರು. ಮಕ್ಕಳೆಷ್ಟು ಅಂದ್ರು. ಇಲ್ಲ ಅಂದೆ. ಮುಂದಿನೋಳನ್ನ ಕರೆದ್ರು.”

“ಅಷ್ಟೇನಾ?”

“ಅಷ್ಟೇ. ಮಕ್ಕಳಿಲ್ದೋಳು ಅಲ್ಲೇ ಉಳ್ಕೊಂಡ್ಬಿಡ್ತಾಳಂತೆ. ಮಗು ಇರೋಳು ಕೆಲಸ ಮುಗಿದ ತಕ್ಷಣ ಓಡಿ ಬರ್ತಾಳಂತೆ.”

“ನೀನೂ ಬರ್ತಿದ್ದೆ ತಾನೆ?”

“ಬರ್ದೆ ಇನ್ನೇನು? ನಿಮ್ಮಜ್ಜಿ ಬೈಗುಳ ಕೇಳ್ದೆ ನಂಗೆ ನಿದ್ದೆ ಬರುತ್ತಾ?”

ಚಿಕ್ಕಮ್ಮ ನಕ್ಕಳು. ನಗು ಅರ್ಧದಲ್ಲೇ ನಿಂತಿತು.

“ನಾನೇನೂ ಹೇಳಲ್ಲ. ನಿನ್ನಿಷ್ಟ,” ಎಂದು ಕತ್ತೆಯ ಕಿವಿ ಸವರತೊಡಗಿದಳು.

ಗಿಜ್ಲಾನ್ ಯೋಚಿಸಿದಳು. ಅಮ್ಮ ಬಂದೇ ಬರುತ್ತಾಳೆಂದು ಅವಳ ಪರಿಚಯವೇ ಇಲ್ಲದವರಿಗೂ ಗೊತ್ತಿತ್ತು. ತನಗೇ ಯಾಕೆ ಗೊತ್ತಿರಲಿಲ್ಲ?

ಅವಳು ಎದ್ದು ಲಂಗ ಕೊಡವಿಕೊಂಡು ಲೈನಿನ ಕಡೆಗೆ ಓಡಿದಳು.

ಒಳಗೆ, ಮೇಜಿನ ಆಚೆ ಸ್ಪೇನಿನ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ನಿಂತಿದ್ದ ದುಭಾಷಿ ಕೇಳಿದ:

“ಇವಳೇನಾ ನಿನ್ನ ಮಗಳು?”

“ಹೂಂ, ನಾನೇ,” ಅಮ್ಮನಿಗಿಂತ ಮೊದಲೇ ಗಿಜ್ಲಾನ್ ಹೇಳಿದಳು. “ನಮ್ಮ ಚಿಕ್ಕಮ್ಮನಿಗೂ ನಾನಿದ್ದೀನಿ. ಅವಳೂ ವಾಪಸ್ ಬರ್ತಾಳೆ. ಇವರಿಗೆ ಹೇಳಿ.”

ಅಮ್ಮ ಅವಳ ಕೈ ಹಿಂಡಿದಳು. ದುಭಾಷಿ ನಕ್ಕ. ಆದರೆ ಆ ಮಾತನ್ನು ಮೇಜಿನ ಆಚೆಗೆ ದಾಟಿಸಲಿಲ್ಲ.

ಅಮ್ಮ ಆಯ್ಕೆಯಾದಳು.

ಹೊರಗೆ ಬಂದು ಅವಳು ತಲೆಯಾಡಿಸಿದ್ದೇ ತಡ, ಚಿಕ್ಕಮ್ಮ ನಾಲಿಗೆ ಹೊರಳಿಸಿ, ಮದುವೆಮನೆಯಲ್ಲಿ ಹೆಂಗಸರು ಖುಷಿಗೆ ಹಾಕುವ ಕೂಗು ಎಬ್ಬಿಸಿದಳು. ಯೂಯೂಯೂ! ಇಡೀ ಅಂಗಳ ತಿರುಗಿ ನೋಡಿತು. ಉಸಿರು ಮುಗಿಯಿತು. ಮತ್ತೆ ಉಸಿರೆಳೆದುಕೊಂಡು ಇನ್ನೂ ಜೋರಾಗಿ ಕೂಗಿದಳು. ಅಮ್ಮ ಅಳುತ್ತಾ ನಗುತ್ತಿದ್ದಳು.

ಗಿಜ್ಲಾನ್ ಚಿಕ್ಕಮ್ಮನ ಕತ್ತಿನಲ್ಲಿ ಉಬ್ಬಿದ ನರಗಳನ್ನೇ ನೋಡುತ್ತಿದ್ದಳು. ಮೂರನೇ ಸಲ ಅವಳು ಬಾಯಿ ತೆರೆಯುವಷ್ಟರಲ್ಲಿ ಹತ್ತಿರ ಹೋಗಿ, ಅವಳ ಸೊಂಟ ತಬ್ಬಿ, ಬಾರದ ನಾಲಿಗೆಯನ್ನು ಹೇಗೋ ಹೊರಳಿಸಿ ತಾನೇ ಕೂಗತೊಡಗಿದಳು, ಚಿಕ್ಕಮ್ಮ ಒಂದಿಷ್ಟು ಹೊತ್ತು ಖುಷಿ ತೋರಿಸದೆ ಸುಮ್ಮನಿರಲಿ ಎಂದು.