ಅಕ್ಕಲಕೋಟದವನು ಕೇಳದೇ ಬಿಟ್ಟ ಮಾತು

ಲೀಲಾಬಾಯಿ ಸಾತಲಿಂಗಪ್ಪನನ್ನು ಮೊದಲು ಮೆಚ್ಚಿದ್ದು ಕಿವಿಯಿಂದ. ಕಣ್ಣಿನ ಸರದಿ ಬಂದದ್ದು ಆಮೇಲೆ, ಅದೂ ನಗು ತಡೆಯಲಾರದ ಹಾಗೆ.

ಸೀನಾ ವಿದ್ಯುತ್ ಕಂಪನಿಯ ಸೋಲಾಪುರದ ಕಂಟ್ರೋಲ್ ರೂಮಿನಲ್ಲಿ ಆಕೆ ಫೋನಿನ ಮುಂದೆ ಕೂಡುವವಳು. ಬಟ್ಟೆ ಅಂಗಡಿ ರಾಚಪ್ಪನವರ ಮಗಳು ಕರೆಂಟಿನ ನೌಕರಿಗೆ ಹೋಗುತ್ತಾಳಂತೆ ಎಂದು ಮಂಗಳವಾರ ಪೇಟೆಯ ಮಂದಿ ಮೂಗು ಮುರಿದಿದ್ದರು. ಮುರಿಯಲಿ ಬಿಡಿ, ಮೂಗು ಅವರದೇ. ತಾಸಿಗೊಮ್ಮೆ ಅಕ್ಕಲಕೋಟದ ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿ ಲೋಡ್ ಎಷ್ಟಿದೆ ಎಂದು ಕೇಳುವುದು, ಯಾವ ಲೈನು ಬಂದ್ ಮಾಡಬೇಕು, ಯಾವುದು ಚಾಲೂ ಮಾಡಬೇಕು ಎಂದು ತಿಳಿಸುವುದು ಆಕೆಯ ಕೆಲಸ. ಅತ್ತ ಫೋನ್ ಎತ್ತಿ ಸ್ವಿಚ್ ಹಾಕುತ್ತಿದ್ದವನು ಸಾತಲಿಂಗಪ್ಪ.

"ಲೋಡ್ ಎಷ್ಟದರಿ?"

"ಲೋಡ್ ಹಗರ ಅದರಿ ಲೀಲಾಬಾಯಿ. ನಿಮ್ಮ ದನೀನs ಭಾರ ಆಗೇದ."

"ಥಂಡಿ ಆಗೇದ. ನೀವು ಮದಲ ನಂಬರ್ ಹೇಳ್ರಿ."

"ನೀವು ಮದಲ ಶುಂಠಿ ಕಷಾಯ ಕುಡದೀರೇನು ಹೇಳ್ರಿ."

ಆ ಗಡಸು ದನಿಗೆ ತಕ್ಕಂತೆ ಆಕೆ ಒಬ್ಬ ಪೈಲ್ವಾನನನ್ನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಕೆಟ್ಟ ಮೀಟರೊಂದನ್ನು ಹಿಡಿದು ಅವನು ಸೋಲಾಪುರಕ್ಕೆ ಬಂದಾಗ ನೋಡಿದರೆ, ಅಗಲ ಕಿವಿಯ, ಜೋಳದ ದಂಟಿನಂಥ ಹುಡುಗ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಗ್ರಿ, ನಗ್ರಿ," ಎಂದ ಅವನು. "ದನಿ ಅಪ್ಪಂದು, ಮೈ ಅವ್ವಂದು. ನಾ ಏನ್ ಮಾಡ್ಲಿ?"

ಹಾಗೆಂದವನು ಗೋಡೆಯ ಮೀಟರುಗಳನ್ನು ಭಾರೀ ಗಮನದಿಂದ ನೋಡುತ್ತ ನಿಂತ. ಅವುಗಳ ಗಾಜಿನಲ್ಲಿ ಮೂಡಿದ್ದ ಆಕೆಯ ಮುಖವನ್ನೇ ಅವನು ನೋಡುತ್ತಿದ್ದಾನೆ ಎಂದು ತಿಳಿಯಲು ಲೀಲಾಬಾಯಿಗೆ ಹೊತ್ತು ಹಿಡಿಯಲಿಲ್ಲ. ತಿಳಿದ ಮೇಲೂ ಆಕೆ ಕುರ್ಚಿಯನ್ನು ಆಚೆ ಸರಿಸಲಿಲ್ಲ.

ಒಲವಿನ ಮಾತು ಯಾರೂ ಆಡಲಿಲ್ಲ. ಆಡುವ ಅಗತ್ಯವೇ ಇಲ್ಲ ಎಂದು ಇಬ್ಬರಿಗೂ ಅನ್ನಿಸಿತ್ತು. ಅಲ್ಲಿಯೇ ಎಡವಟ್ಟಾಯಿತು ನೋಡಿ.

ಕಂಬ ಹತ್ತುವ ಗ್ಯಾಂಗಿನವರು ಮೊದಲು ಕಂಟ್ರೋಲ್ ರೂಮಿನಿಂದ ಲೈನ್ ಕ್ಲಿಯರ್, ಅಂದರೆ ಲೈನು ಬಂದ್ ಆಗಿದೆ ಎಂಬ ಪರವಾನಗಿ ಪಡೆಯಬೇಕು, ಇಳಿದ ಮೇಲೆ ಅದನ್ನು ವಾಪಸು ಮಾಡಬೇಕು. ಎಲ್ಲರದೂ ವಾಪಸು ಬಂತೇ ಎಂದು ಕೇಳಿಯೇ ಅಕ್ಕಲಕೋಟದವನು ಸ್ವಿಚ್ ಹಾಕಬೇಕು. ಅದು ನಿಯಮ. ಆ ದಿನ ವಳಸಂಗದ ಹತ್ತಿರ ಎರಡು ಗ್ಯಾಂಗು ಕೆಲಸಕ್ಕಿದ್ದವು. ಸಿದ್ರಾಮನ ಗ್ಯಾಂಗು ಇಳಿದಿತ್ತು. ಖಂಡಪ್ಪನದು ಇನ್ನೂ ಮೇಲಿದೆ ಎಂದು ಬೆಳಗಿನ ಪಾಳಿಯವನು ಮನೆಗೆ ಹೋಗುವಾಗ ಬಾಯಿಮಾತಿನಲ್ಲಿ ಹೇಳಿದ್ದ. ಗಿರಣಿಗಳಿಂದ ಕರೆಂಟು ಕರೆಂಟು ಎಂದು ಒಂದರ ಮೇಲೊಂದು ಫೋನು ಬರುತ್ತಿದ್ದವು. ಲೀಲಾಬಾಯಿಗೆ ಖಂಡಪ್ಪ ಮರೆತುಹೋದ.

"ಸಾತಲಿಂಗಪ್ಪನವರ, ವಳಸಂಗ ಲೈನ್ ಚಾಲೂ ಮಾಡ್ರಿ."

"ಮಾಡಿದೆ ನೋಡ್ರಿ."

ಬೇರೆ ಯಾರೇ ಹೇಳಿದ್ದರೂ ಅವನು ಕೇಳುತ್ತಿದ್ದ. ಲೀಲಾಬಾಯಿಯನ್ನು ಕೇಳುವುದೆಂದರೆ ಆಕೆಯ ಮೇಲೆ ಸಂಶಯಪಟ್ಟಂತೆ ಎಂದು ಅವನ ಲೆಕ್ಕ. ಕೇಳಿದ್ದರೆ ಆಕೆಗೆ ನೆನಪಾಗುತ್ತಿತ್ತು.

ಕಂಬದ ಮೇಲಿದ್ದ ಖಂಡಪ್ಪನಿಗೆ ಕರೆಂಟು ಹೊಡೆಯಿತು. ಜೀವ ಉಳಿಯಿತು. ಬಲಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು.

ಲೀಲಾಬಾಯಿ ಆಸ್ಪತ್ರೆಗೆ ಹೋದಳು. ಖಂಡಪ್ಪನ ಹೆಂಡತಿ ಸಕ್ಕುಬಾಯಿ ಸ್ಟೂಲನ್ನು ತನ್ನ ಸೆರಗಿನಿಂದಲೇ ಒರೆಸಿ, ಕೂಡ್ರಿಸಿ, ಚಹಾದ ಕಪ್ಪನ್ನು ಕೈಗಿಟ್ಟಳು.

"ಚಹಾ ಕುಡೀರಿ ಬಾಯಿ. ನಮ್ಮ ದೇವರು ಬಿರೋಬಾ ಜೀವ ಉಳಸ್ಯಾನ, ಅಷ್ಟು ಸಾಕು."

ಬಯ್ದಿದ್ದರೆ ಎಷ್ಟೋ ಚಲೋ ಇತ್ತು. ಸ್ವಿಚ್ ಹಾಕಲು ಹೇಳಿದ್ದು ಯಾರು ಎಂದು ಆ ಹೆಣ್ಣುಮಗಳಿಗೆ ಗೊತ್ತೇ ಇರಲಿಲ್ಲ. ಹೇಳುವ ಧೈರ್ಯ ಲೀಲಾಬಾಯಿಗೆ ಆಗಲಿಲ್ಲ.

ಕಂಪನಿ ಆಡಿಟ್ ಇಟ್ಟಿತು. ಲೆಕ್ಕದ ಆಡಿಟ್ ಅಲ್ಲ, ಕೆಲಸದ ಪದ್ಧತಿಯ ಆಡಿಟ್. ಮುಂಬಯಿಯಿಂದ ಶಿವಶರಣಪ್ಪ ಎಂಬ ಹಿರಿಯ ಎಂಜಿನಿಯರು ಬಂದು, ಕಂಟ್ರೋಲ್ ರೂಮಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಯಾರು ಏನು ಹೇಳುತ್ತಾರೆ, ಯಾರು ಏನು ಕೇಳುತ್ತಾರೆ ಎಂದು ದಿನವಿಡೀ ಆಲಿಸಿದರು. ಮಂದಿ ಬೆವತರು.

"ಹೆದರಬ್ಯಾಡ್ರಪಾ," ಎಂದರು ಅವರು. "ನಾ ಕಳ್ಳನ್ನ ಹಿಡಿಯಾಕ ಬಂದಿಲ್ಲ. ತೂತು ಎಲ್ಲದ ಅಂತ ನೋಡಾಕ ಬಂದೀನಿ."

ಅವರು ಚಹಾಕ್ಕೆ ಎದ್ದು ಹೋದಾಗ ಅಕ್ಕಲಕೋಟದಿಂದ ಫೋನು ಬಂತು.

"ಲೀಲಾಬಾಯಿ, ನಾಳೆ ಸಾಹೇಬ್ರು ನನ್ನ ಕೇಳತಾರ. ನೀವು ಹೇಳೇ ಇಲ್ಲ, ನಾನs ತಪ್ಪು ತಿಳದು ಸ್ವಿಚ್ ಹಾಕಿದೆ ಅಂತೀನಿ. ನೀವು ಹೌದು ಅನ್ರಿ, ಸಾಕು."

"ನಿಮ್ಮ ನೌಕರಿರಿ?"

"ಹೋಗತದ, ಹೋಗ್ಲಿ. ನಮ್ಮ ಕಾಕಾಂದು ಎಣ್ಣಿ ಗಾಣ ಅದ. ನೀವು ಉಳದ್ರ ನನಗ ಎಲ್ಲಾ ಉಳದಂಗ."

ಹೀಗೆ ತನಗಾಗಿ ಕುತ್ತಿಗೆ ಕೊಡುವ ಇನ್ನೊಬ್ಬ ಈ ಜಗತ್ತಿನಲ್ಲಿ ಯಾರಿದ್ದಾರೆ? ಹೂಂ ಎಂದುಬಿಟ್ಟರೆ ಅವನೂ ಸಿಗುತ್ತಾನೆ, ಮಾನವೂ ಉಳಿಯುತ್ತದೆ.

ಮನೆಗೆ ಹೋದರೂ ಸಮಾಧಾನವಿಲ್ಲ. ಅಕ್ಕಲಕೋಟದಲ್ಲೊಬ್ಬ ಬೇಜವಾಬ್ದಾರ ಇದ್ದ, ಅವನನ್ನು ತೆಗೆದರು ಎಂದು ಬರೆದು ಸಾಹೇಬರು ಮುಂಬಯಿ ಗಾಡಿ ಹತ್ತುತ್ತಾರೆ. ತೂತು ಇದ್ದಲ್ಲೇ ಇರುತ್ತದೆ. ಇನ್ನೊಬ್ಬ ಖಂಡಪ್ಪ ಕಂಬ ಹತ್ತುತ್ತಾನೆ.

ಮರುದಿನ ಸಾಹೇಬರು ಅಕ್ಕಲಕೋಟಕ್ಕೆ ಹೊರಟು ಜೀಪಿನ ಹತ್ತಿರ ನಿಂತಿದ್ದಾಗ ಲೀಲಾಬಾಯಿ ಹೋಗಿ ಎದುರು ನಿಂತಳು.

"ಸಾಹೇಬ್ರ, ಸಾತಲಿಂಗಪ್ಪನವರು ನಿಮಗ ಸುಳ್ಳು ಹೇಳತಾರ. ಚಾಲೂ ಮಾಡ್ರಿ ಅಂತ ಹೇಳಿದಾಕಿ ನಾನು. ಖಂಡಪ್ಪನ್ನ ಮರತಾಕೀನೂ ನಾನು. ಅವರು ಕೇಳಲಿಲ್ಲ."

"ಯಾಕ ಕೇಳಲಿಲ್ಲ?"

ಆಕೆಯ ಮುಖ ಕೆಂಪಾಯಿತು. "ನನ್ನ ದನಿ ಮ್ಯಾಲೆ ಅವರಿಗೆ ಭಾಳ ವಿಶ್ವಾಸರಿ."

ಮುದುಕರು ಎಲ್ಲವನ್ನೂ ಅರ್ಥ ಮಾಡಿಕೊಂಡರು. "ಅದs ತೂತು ನೋಡವಾ," ಎಂದರು ಮೆಲ್ಲಗೆ.

ಆಡಿಟ್ ಮುಗಿದ ಮೇಲೆ ಕಂಟ್ರೋಲ್ ರೂಮಿನ ಚಹರೆಯೇ ಬದಲಾಯಿತು. ಗೋಡೆಗೆ ಕೊಕ್ಕೆಗಳು ಬಂದವು. ಕಂಬ ಹತ್ತಿದ ಪ್ರತಿ ಗ್ಯಾಂಗಿಗೂ ಒಂದು ಕೆಂಪು ತಗಡು, ಗ್ಯಾಂಗು ಇಳಿಯುವವರೆಗೆ ಅದು ಕೊಕ್ಕೆಯಿಂದ ಇಳಿಯಕೂಡದು. ಪಾಳಿ ಬದಲಾಗುವಾಗ ಹೋಗುವವನೂ ಬಂದವನೂ ಆ ಗೋಡೆಯ ಮುಂದೆ ನಿಂತೇ ಮಾತಾಡಬೇಕು. ಫೋನಿನಲ್ಲಿ ಹೇಳಿದ್ದನ್ನು ಅತ್ತಲಿನವನು ತಿರುಗಿ ಹೇಳಬೇಕು, ಹೇಳಿದವನು ಒಡಹುಟ್ಟಿದವನಾದರೂ ಸರಿಯೇ. ಒಬ್ಬರಿಗೊಬ್ಬರು ಸಲಿಗೆಯಾದವರನ್ನು ಒಂದೇ ಲೈನಿನ ಎರಡು ತುದಿಗೆ ಇಡಬಾರದು. ಲೀಲಾಬಾಯಿಯನ್ನು ಫೋನಿನಿಂದ ತೆಗೆದು ಬಿಲ್ಲಿನ ಖೋಲಿಗೆ ಹಾಕಿದರು. ಸಾತಲಿಂಗಪ್ಪನಿಗೆ ನಾಗಪುರದ ಆಚೆಗೆ ವರ್ಗವಾಯಿತು.

ಕೆಲವೇ ದಿನಗಳಲ್ಲಿ ಸಿದ್ರಾಮ ಓಡುತ್ತ ಬಂದು ಹೇಳಿದ: ಗದ್ದಲದಲ್ಲಿ ಕಂಟ್ರೋಲ್ ರೂಮಿನವರು ಲೈನು ಚಾಲೂ ಮಾಡಲು ಹೊರಟಿದ್ದರಂತೆ, ಗೋಡೆಯ ಮೇಲೆ ತಗಡು ತೂಗುವುದು ಕಂಡು ಕೈ ತಡೆದರಂತೆ. ಕಂಬದ ಮೇಲೆ ಇದ್ದವನು ಸಿದ್ರಾಮನೇ. ಲೀಲಾಬಾಯಿ ಬಿಲ್ಲುಗಳ ನಡುವೆ ತಲೆ ತಗ್ಗಿಸಿ ಅತ್ತಳು. ಅದು ಸಂತೋಷವೋ ಸಂಕಟವೋ, ಆಕೆಗೇ ತಿಳಿಯಲಿಲ್ಲ.

ಸಾತಲಿಂಗಪ್ಪ ಹೊರಟ ದಿನ ಆಕೆ ಸೋಲಾಪುರ ಸ್ಟೇಶನ್ನಿಗೆ ಬಂದಳು.

"ನನ್ನ ಮಾತು ನಡಸಿಕೊಡಲಿಲ್ಲ ನೀವು," ಎಂದ ಅವನು. ಸಿಟ್ಟಿರಲಿಲ್ಲ.

"ಇಲ್ಲರಿ."

"ಇರ್ಲಿ. ಅಲ್ಲಿ ಮನಿ ಹುಡುಕತೀನಿ. ದೀಪಾವಳಿ ಆದಮ್ಯಾಲೆ ನಮ್ಮಪ್ಪ ನಿಮ್ಮ ಮನಿಗೆ ಬರತಾನ. ಸೀರಿ ಯಾವ ಬಣ್ಣದ್ದು ಬೇಕು, ಅಷ್ಟು ಹೇಳ್ರಿ."

"ನನ್ನ ಮನಸಿನಾಗ ಏನದ ಅಂತ ಕೇಳಲೇ ಇಲ್ಲಲ್ಲರಿ ನೀವು."

"ಅದನ್ನೇನ್ ಕೇಳೋದು? ನನಗ ಗೊತ್ತಿಲ್ಲೇನು?"

"ಕೇಳ್ರಿ."

ಅವನ ಅಗಲ ಕಿವಿಗಳು ಕೆಂಪಾದವು. ಅತ್ತಿತ್ತ ನೋಡಿ, ಆ ದೊಡ್ಡ ದನಿಯನ್ನು ಆದಷ್ಟು ಸಣ್ಣದು ಮಾಡಿ ಕೇಳಿದ. "ಲೀಲಾ, ನನ್ನ ಲಗ್ನ ಆಗತೀಯೇನು?"

ಎರಡು ವರ್ಷದಿಂದ ಆಕೆ ಕಾದಿದ್ದ ಮಾತು ಅದು.

"ನಿಮ್ಮ ಮ್ಯಾಲೆ ನನ್ನ ಜೀವ ಅದರಿ. ಈ ಜಲ್ಮಕ್ಕ ಇನ್ನೊಬ್ಬರ ಮ್ಯಾಲೆ ಇಂಥಾ ಜೀವ ಬರಂಗಿಲ್ಲ. ಆದ್ರ ಇಲ್ಲರಿ. ನಿಮ್ಮ ದನಿ ಕೇಳಿದ್ರ ಸಾಕು, ಆ ದಿನದ 'ಮಾಡಿದೆ ನೋಡ್ರಿ' ಕಿವ್ಯಾಗ ಬರತದ. ನಾವಿಬ್ಬರೂ ಊಟಕ್ಕ ಕುಂತ್ರ ನಡಕ ಖಂಡಪ್ಪ ಎಡಗೈಲೆ ಉಣಕೋತ ಕುಂಡರತಾನ. ನಾ ಹ್ಯಾಂಗ ಬಾಳೇವು ಮಾಡ್ಲಿ?"

ಗಾರ್ಡ್ ಸೀಟಿ ಊದಿದ.

"ನಾ ಕೇಳಬಾರದಿತ್ತು," ಎಂದ ಸಾತಲಿಂಗಪ್ಪ, ಬಾಗಿಲ ಹಿಡಿ ಹಿಡಿದು.

"ಕೇಳಬೇಕಿತ್ತರಿ," ಎಂದಳು ಲೀಲಾಬಾಯಿ, ಗಾಡಿಯ ಸಂಗಡ ನಾಲ್ಕು ಹೆಜ್ಜೆ ಓಡುತ್ತ. "ಮದಲs ಕೇಳಬೇಕಿತ್ತು. ಆವಾಗ ಕೇಳಿದ್ರ ನಾ ಹೂಂ ಅಂತಿದ್ದೆ."