ಮೃಗಭೈರವಿಯ ಎಂಜಲು

ನವಿಲುದುರ್ಗದ ವೈಭವವನ್ನು ಹೊಗಳಿ ಹಾಡುತ್ತಿದ್ದ ವಂದಿಮಾಗಧರೆಲ್ಲರೂ ಒಂದು ಸಂಗತಿಯನ್ನು ಮಾತ್ರ ಜಾಣತನದಿಂದ ನುಂಗಿಕೊಳ್ಳುತ್ತಿದ್ದರು: ಆ ರಾಜಧಾನಿ ನಾರುತ್ತಿತ್ತು. ಪೂರ್ವದ ಮಹಾದ್ವಾರದಿಂದ ಒಳಹೊಕ್ಕವನಿಗೆ ಮೊದಲು ಕಾಣುತ್ತಿದ್ದುದು ಸುಣ್ಣ ಬಳಿದ ಉಪ್ಪರಿಗೆಗಳ ಸಾಲು, ಅವುಗಳ ಮೇಲೆ ಪಟಪಟನೆ ಬಡಿದುಕೊಳ್ಳುವ ಪತಾಕೆಗಳು, ಗಂಧ ತೇಯುವ ಅಂಗಡಿಗಳು, ಹೂವಾಡಗಿತ್ತಿಯರ ಕೂಗು, ದಾರಿಗೆ ಅಡ್ಡ ನಿಂತು ಸುಂಕದವನೊಡನೆ ಜಗಳಕ್ಕೆ ಬಿದ್ದ ಕಂಬಳಿ ವ್ಯಾಪಾರಿಗಳು. ಅಲ್ಲಿಯವರೆಗೆ ಎಲ್ಲವೂ ಸೊಗಸೇ. ಆದರೆ ಆನೆಲಾಯವನ್ನು ಬಳಸಿ ಎಡಕ್ಕೆ ತಿರುಗಿದನೋ, ಮುಗಿಯಿತು! ಕೊಳೆತ ಮೊಟ್ಟೆಗಳ ಬುಟ್ಟಿಯನ್ನು ಯಾರೋ ಮೂಗಿನ ಬುಡದಲ್ಲೇ ಒಡೆದಂತಹ ದುರ್ನಾತ. ಅರಮನೆಯ ಸ್ತ್ರೀಯರು ಪಲ್ಲಕ್ಕಿಯ ಪರದೆ ಎಳೆದುಕೊಳ್ಳುತ್ತಿದ್ದರು. ಪುರೋಹಿತರು ಸುತ್ತು ದಾರಿ ಹಿಡಿದು ಹೊಳೆಗೆ ಹೋಗುತ್ತಿದ್ದರು. ಜನ ಆ ಓಣಿಗೆ ಮೂಗುಮುಚ್ಚೋಣಿ ಎಂದೇ ಹೆಸರಿಟ್ಟಿದ್ದರು. ಅಲ್ಲಿದ್ದುದು ದೊರೆಯ ಬೇಟೆಯ ಕೋವಿಗಳನ್ನು ತೊಳೆಯುವ ಕೋವಿಮನೆ, ಮತ್ತು ಅದರ ಅಧಿಕಾರಿಯಾದ ಬೀರೋಜ.

ಬೀರೋಜನು ವಿನಯವಂತನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿವಿಯವರೆಗೆ ತಿರುವಿದ ಮೀಸೆ, ಸದಾ ತಾಂಬೂಲದಿಂದ ಕೆಂಪಾದ ಬಾಯಿ, ಆ ಬಾಯಿಂದ ಹೊರಬೀಳುವ ಮಾತೆಲ್ಲವೂ ಬೈಗುಳ. ಓಣಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಮದ್ದು ಉಂಡ ಕೋವಿ ಬಿಸಿನೀರು ಕುಡಿದರೆ ಹೀಗೆಯೇ ತೇಗುವುದು ಕಣ್ರಯ್ಯಾ! ನಿಮ್ಮ ಹೊಟ್ಟೆಯೊಳಗಿನದು ಪರಿಮಳವೋ?" ಎಂದು ಗದರುತ್ತಿದ್ದನು.

ಅವನ ಕೈಗೆ ಬಂದ ಕೋವಿಗಳಲ್ಲಿ ಶ್ರೇಷ್ಠವಾದುದು ಮೃಗಭೈರವಿ. ದಿವಂಗತ ದೊರೆಯ ಕಾಲದಿಂದಲೂ ನವಿಲುದುರ್ಗದ ಅರಸರು ಬೇಟೆಗೆ ಹಿಡಿಯುತ್ತಿದ್ದುದು ಅದನ್ನೇ. ಬಾಯಿಯಿಂದ ಮದ್ದನ್ನೂ ಗುಂಡನ್ನೂ ತುಂಬಿ ಗಜಕೋಲಿನಿಂದ ಜಡಿದು, ಬುಡದಲ್ಲಿರುವ 'ಕಿವಿ' ಎಂಬ ಸಣ್ಣ ರಂಧ್ರಕ್ಕೆ ಉರಿಬತ್ತಿ ಸೋಕಿಸಿ ಹಾರಿಸುವ ಕೋವಿ ಅದು. ಪ್ರತಿ ಬೇಟೆಯಾದ ಮೇಲೂ ಬೀರೋಜನು ಕಿವಿಗೆ ಮರದ ಬೆಣೆ ಹೊಡೆದು, ಬಾಯಿಗೆ ಕುದಿನೀರು ಹೊಯ್ದು ಕುಲುಕಿ, ಕಾಡಿಗೆಯಂತಹ ಕೊಳೆನೀರನ್ನು ಚರಂಡಿಗೆ ಸುರಿಯುತ್ತಿದ್ದನು. ಆಮೇಲೆ ಗಜಕೋಲಿಗೆ ನಾರು ಸುತ್ತಿ ಉಜ್ಜುವುದು, ಮತ್ತೆ ನೀರು, ಮತ್ತೆ ನಾರು. ಒಳಗೆ ಹೋದ ಬಿಳಿಬಟ್ಟೆ ಬಿಳಿಯದಾಗಿಯೇ ಹೊರಬರುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕಡೆಗೆ ಕೆಂಡದ ಬಳಿ ಹಿಡಿದು ತೇವ ಆರಿಸಿ, ಎಳ್ಳೆಣ್ಣೆ ಸವರಿ ಇಡುವನು. ಮರುಬೇಟೆಯ ಮುಂಜಾನೆ ಆ ಎಣ್ಣೆಯನ್ನು ಒರೆಸಿ ತೆಗೆದು, ದೊರೆಯ ಎದುರಿನಲ್ಲಿ ಉಸಿರೊಪ್ಪಿಗೆ ನಡೆಸುವನು.

ಉಸಿರೊಪ್ಪಿಗೆಯೆಂದರೆ ಆ ಸಂಸ್ಥಾನದ ಹಳೆಯ ಪದ್ಧತಿ. ಕೋವಿಯ ಕಿವಿಯ ಮೇಲೆ ಚಿಟಿಕೆ ಬೂದಿ ಇರಿಸಿ, ಅಧಿಕಾರಿಯು ಕೋವಿಯ ಬಾಯಿಗೆ ತನ್ನ ಬಾಯಿ ಇಟ್ಟು ಊದಬೇಕು. ನಳಿಗೆಯೊಳಗೆ ಅಡ್ಡಿಯಿಲ್ಲದಿದ್ದರೆ ಬೂದಿ ಭುರ್ರನೆ ಹಾರುವುದು. ಅದನ್ನು ಕಣ್ಣಾರೆ ಕಂಡ ಮೇಲೆಯೇ ದೊರೆಯ ಸಮಕ್ಷಮದಲ್ಲಿ ಮದ್ದು ತುಂಬುವುದು, ಕೋವಿ ದೊರೆಯ ಕೈಸೇರುವುದು. ಒಳಗೆ ಏನಾದರೂ ಸಿಕ್ಕಿಕೊಂಡಿರುವಾಗ ಹಾರಿಸಿದರೆ ನಳಿಗೆ ಸಿಡಿದು ಹಾರಿಸಿದವನ ತಲೆಯೇ ಹೋದೀತು.

ಆಗ ಪಟ್ಟದಲ್ಲಿದ್ದವನು ಜಕ್ಕಪ್ಪನಾಯಕ, ಮೀಸೆ ಇನ್ನೂ ದಟ್ಟವಾಗದ ತರುಣ. ತಂದೆ ತೀರಿಕೊಂಡಂದಿನಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು ಚಿಕ್ಕಪ್ಪ ಭುಜಂಗನಾಯಕ, ಜನರ ಬಾಯಲ್ಲಿ ಚಿಕ್ಕದೊರೆ. ದೊರೆಗೆ ಇನ್ನೂ ಸಂತಾನವಿರಲಿಲ್ಲ. ಅವನಿಗೆ ಏನಾದರೂ ಆದರೆ ಸಿಂಹಾಸನ ನೇರವಾಗಿ ಚಿಕ್ಕಪ್ಪನದೇ. ಈ ಮಾತು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ದೊರೆಯೊಬ್ಬನೇ.

ಒಂದು ಅಪರಾಹ್ನ ಭುಜಂಗನಾಯಕನು ಪುನುಗು ಪೂಸಿದ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕೋವಿಮನೆಯ ಹೊಸ್ತಿಲಲ್ಲಿ ಕಾಣಿಸಿಕೊಂಡನು. ಬೀರೋಜನು ತೋಳಿನವರೆಗೆ ಮಸಿ ಮಾಡಿಕೊಂಡು ನಳಿಗೆ ಉಜ್ಜುತ್ತಿದ್ದವನು ಎದ್ದು ವಂದಿಸಿದನು.

"ಬೀರೋಜ, ನಿನ್ನಂತಹ ಹಿರಿಯನು ಈ ಗಲೀಜಿನಲ್ಲಿ ಕೊಳೆಯುವುದನ್ನು ನೋಡಲಾಗುವುದಿಲ್ಲ. ನಿನಗೆ ಪಲ್ಲಕ್ಕಿಯ ಮರ್ಯಾದೆ ಕೊಡಿಸಬೇಕೆಂದು ನಮ್ಮ ಸಂಕಲ್ಪ."

"ಪಲ್ಲಕ್ಕಿಯಲ್ಲಿ ಕುಳಿತರೆ ಕೋವಿ ತೊಳೆಯುವವರಾರು, ಬುದ್ಧಿ?"

"ಅದನ್ನೇ ಹೇಳಬಂದೆವು. ವಯಸ್ಸಾಯಿತಲ್ಲ, ಕಣ್ಣು ಮಂಜಾಗಿರಬೇಕು. ನಳಿಗೆಯಲ್ಲಿ ಒಮ್ಮೆ ಒಂದಿಷ್ಟು ಬಟ್ಟೆ, ಒಂದಿಷ್ಟು ಮಣ್ಣು ಉಳಿದುಹೋದರೆ ಅದು ವಯಸ್ಸಿನ ದೋಷವೇ ಹೊರತು ನಿನ್ನ ದೋಷವಲ್ಲ. ಕ್ಷಮಿಸುವ ಅಧಿಕಾರ ನಾಳೆ ಯಾರ ಕೈಯಲ್ಲಿರುವುದೋ ನೀನೇ ಯೋಚಿಸು."

ಬದುಕೆಲ್ಲ ಕೊಳೆನೀರಿನಲ್ಲಿ ಕೈಯಾಡಿಸಿದ ಬೀರೋಜನಿಗೆ ಯಾವ ನಾತಕ್ಕೂ ಇಷ್ಟು ಹೇಸಿಗೆಯಾಗಿರಲಿಲ್ಲ. ಇವನ ಹೆಗಲ ಮೇಲೆ ಕುಳಿತು ಆ ಮಗು ಜಾತ್ರೆ ನೋಡಿತ್ತಲ್ಲ, ಇವನ ತೊಡೆಯ ಮೇಲೆ ನಿದ್ದೆ ಹೋಗಿತ್ತಲ್ಲ! ಥೂ, ಇವನೂ ಒಬ್ಬ ಮನುಷ್ಯನೇ!

"ಬುದ್ಧಿ, ದಯವಿಟ್ಟು ಹೊರಗೆ ನಿಂತುಕೊಳ್ಳಿ," ಎಂದನು ಅವನು. "ಇಲ್ಲಿ ನಾತ ಜಾಸ್ತಿಯಾಯಿತು. ತಾವು ಬರುವ ಮೊದಲು ಇಷ್ಟಿರಲಿಲ್ಲ."

ಭುಜಂಗನಾಯಕನು ನಕ್ಕು ಹೊರಟುಹೋದನು. ಆ ನಗುವಿನ ಅರ್ಥ ತಿಳಿಯಲು ಬೀರೋಜನಿಗೆ ಬಹಳ ಕಾಲ ಹಿಡಿಯಲಿಲ್ಲ. ಮರುದಿನದ ಸಭೆಯಲ್ಲಿಯೇ ಚಿಕ್ಕದೊರೆಯು ಎದ್ದು ನಿಂತು ಕೈಮುಗಿದನು.

"ಪ್ರಭುಗಳು ಮನ್ನಿಸಬೇಕು. ಹೇಳಲು ನಾಲಿಗೆ ಹೇಸುತ್ತದೆ. ಆದರೂ ಹೇಳದಿದ್ದರೆ ದ್ರೋಹವಾದೀತು. ಪ್ರತಿ ಬೇಟೆಗೂ ಕೋವಿಮನೆಯವನು ತನ್ನ ತಾಂಬೂಲದ ಬಾಯಿಯನ್ನು ಮೃಗಭೈರವಿಗೆ ಇಟ್ಟು ಊದುತ್ತಾನೆ. ಆ ಜೊಲ್ಲು ಒಳಗಿಳಿದ ಕೋವಿಯನ್ನು ಪ್ರಭುಗಳು ಕೆನ್ನೆಗೆ ಒತ್ತಿಕೊಳ್ಳುತ್ತೀರಿ. ಅಭಿಷಿಕ್ತನಾದ ಅರಸನು ಅನ್ಯರ ಎಂಜಲನ್ನು ಮುಟ್ಟುವುದೆಂದರೇನು!"

ಸಭೆಯಲ್ಲಿ ಛೀ ಛೀ ಎಂಬ ಉದ್ಗಾರ ಎದ್ದಿತು. ಈವರೆಗೆ ಆ ದೃಶ್ಯವನ್ನು ಸಾವಿರ ಸಲ ಕಂಡವರೂ ಈಗ ಮುಖ ಕಿವುಚಿದರು. ರಾಜಪುರೋಹಿತ ನರಹರಿ ದೀಕ್ಷಿತರು ಮಾತ್ರ, "ಶಾಸ್ತ್ರ ಬರೆದವರು ಕೋವಿಯನ್ನೇ ಕಂಡಿರಲಿಲ್ಲವಲ್ಲ. ಎಂಜಲೇ ಆದರೂ ಸ್ವಲ್ಪ ಗಂಗೋದಕ ಪ್ರೋಕ್ಷಿಸಿದರೆ..." ಎಂದು ರಾಗ ತೆಗೆದರು.

"ನೀರಿನಿಂದ ಹೋಗುವ ಮೈಲಿಗೆಯೇ ಇದು? ಏಳು ನದಿಗಳ ನೀರಿನಲ್ಲಿ ಅದ್ದಿದರೂ ಎಂಜಲು ಎಂಜಲೇ. ಕೆಂಡದಲ್ಲಿ ಹಾಕಿ ಅಗ್ನಿಶುದ್ಧಿ ಮಾಡಬೇಕು!" ಎಂದು ಭುಜಂಗನಾಯಕನು ಕಣ್ಣು ಕೆಕ್ಕರಿಸಿದ ಕೂಡಲೇ ದೀಕ್ಷಿತರು ಶಾಸ್ತ್ರವನ್ನು ಮಡಚಿಟ್ಟು ಕುಳಿತರು.

ಬೀರೋಜನು ಸಿಂಹಾಸನದ ಮುಂದೆ ಬಂದು ನಿಂತನು. "ಮಹಾಪ್ರಭು, ಆ ಊದುವಿಕೆ ತಮ್ಮ ಪ್ರಾಣಕ್ಕೆ ಕಾವಲು. ಅದನ್ನು ನಿಲ್ಲಿಸಬೇಕೆನ್ನುವವರ ಹೊಟ್ಟೆಯಲ್ಲಿ ಏನಿದೆಯೆಂದು ವಿಚಾರಿಸಬೇಕು. ನಿನ್ನೆ ಚಿಕ್ಕದೊರೆಗಳು ಕೋವಿಮನೆಗೆ ಬಂದು..."

ದೊರೆಯ ದೃಷ್ಟಿ ಅವನ ಮಾತಿನ ಮೇಲಿರಲಿಲ್ಲ, ಅವನ ಬಾಯಿಯ ಮೇಲಿತ್ತು. ಆ ಕೆಂಪು ತುಟಿಗಳು, ಮೂಲೆಯಲ್ಲಿ ಜಿನುಗಿದ ಎಲೆಯಡಿಕೆಯ ರಸ. ದೊರೆಗೆ ವಾಕರಿಕೆ ಬಂದಿತು, ಅವನು ತೋಳಿನಿಂದ ಕೆನ್ನೆ ಒರೆಸಿಕೊಂಡನು. "ಸಾಕು! ನಮ್ಮನ್ನು ಸಾಕಿದವರ ಮೇಲೆ ಇನ್ನೊಂದು ಅಕ್ಷರ ಆಡಿದರೆ ನಿನ್ನ ನಾಲಿಗೆ ಉಳಿಯದು. ಇಂದಿನಿಂದ ಉಸಿರೊಪ್ಪಿಗೆ ರದ್ದು. ಕೋವಿಯನ್ನು ತೊಳೆದು ಚಿಕ್ಕಪ್ಪನವರ ವಶಕ್ಕೆ ಕೊಡು. ಶುದ್ಧಿ ಮಾಡಿಸಿ ಮದ್ದು ತುಂಬಿಸಿ ತರುವುದು ಅವರ ಹೊಣೆ."

ಅಲ್ಲಿಗೆ ಎಲ್ಲವೂ ಭುಜಂಗನಾಯಕನ ಮುಷ್ಟಿಗೆ ಬಂದಿತು. ಕೋವಿ ಸಿಡಿದರೆ ಸಾಯುವವನು ದೊರೆ. ಸರಿಯಾಗಿ ತೊಳೆಯಲಿಲ್ಲವೆಂದು ಶೂಲಕ್ಕೇರುವವನು ಬೀರೋಜ. ತನ್ನ ಸಾವಿಗಿಂತ ಆ ಅಪವಾದ ಅವನಿಗೆ ಹೆಚ್ಚು ಹೇಸಿಗೆಯೆನಿಸಿತು. ಅವನು ಮೃಗಭೈರವಿಯನ್ನು ಎಂದಿಗಿಂತ ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿ ಒಪ್ಪಿಸಿಬಿಟ್ಟನು.

ಬೇಟೆಯ ದಿನ ಹೊತ್ತು ಮೂಡುವಷ್ಟರಲ್ಲಿ ಪರಿವಾರವೆಲ್ಲ ಹುಲಿಕೆರೆಯ ಕಾಡಿನ ಅಂಚಿಗೆ ಬಂದು ನೆರೆದಿತ್ತು. ಸೋವುಗಾರರು ತಮಟೆ ಬಡಿಯುತ್ತ ಹಂದಿಗಳನ್ನು ಎಬ್ಬಿಸಿ ತರುತ್ತಿದ್ದರು. ರೇಷ್ಮೆ ಹಾಸಿದ ಹರಿವಾಣದಲ್ಲಿ ಮೃಗಭೈರವಿ ಬಂದಿತು; ಹಣೆಗೆ ಕುಂಕುಮ, ಕೊರಳಿಗೆ ಹೂವು, ಹೊಟ್ಟೆಯಲ್ಲಿ ಆಗಲೇ ತುಂಬಿದ ಮದ್ದು. ಭುಜಂಗನಾಯಕನೇ ಹರಿವಾಣ ಹಿಡಿದು ನಗುಮುಖದಿಂದ ಮುಂದೆ ಬಂದನು.

ದೂರದಲ್ಲಿ ನಿಂತಿದ್ದ ಬೀರೋಜನು ಎಲೆಯಡಿಕೆಯನ್ನು ಒಂದು ಹಿಡಿ ಬಾಯಿಗೆ ತುರುಕಿಕೊಂಡನು. ಕೂಗಿ ಹೇಳಿದರೆ ಯಾರೂ ನಂಬರು. ಕೋವಿಗೆ ಕೈಹಾಕಿ ಎಳೆದರೆ ಕಿತ್ತುಕೊಂಡು ಮತ್ತೆ ದೊರೆಯ ಕೈಗೇ ಕೊಡುವರು. ಈ ಜನ ಹೆದರುವುದು ಒಂದಕ್ಕೇ. ಅದನ್ನು ಅವರೇ ಕಲಿಸಿಕೊಟ್ಟಿದ್ದರು. ಆದರೆ ಭೈರವಿಯ ಮೇಲೆ? ಕೂಸನ್ನು ಮೀಯಿಸಿದಂತೆ ಮೀಯಿಸಿದ ಕೋವಿಯ ಮೇಲೆ? ಛೀ, ಎಂತಹ ಗತಿ ಬಂತಪ್ಪಾ!

ದೊರೆಯು ಕೈಚಾಚುವ ಹೊತ್ತಿಗೆ ಸರಿಯಾಗಿ ಬೀರೋಜನು ಕಾವಲಿನವರನ್ನು ತಳ್ಳಿಕೊಂಡು ನುಗ್ಗಿ ಬಂದು ಹರಿವಾಣದ ಮೇಲೆ ಬಾಗಿದನು. ಪಿಚಕ್ಕನೆ ಉಗುಳಿದನು. ಕೆಂಪು ಜೊಲ್ಲು ಕುಂಕುಮದ ಮೇಲೆ, ಹೂವಿನ ಮೇಲೆ, ದೊರೆಯ ಕೆನ್ನೆ ತಾಗಬೇಕಾದ ಹಿಡಿಯ ಮೇಲೆ ಹರಿದು ಇಳಿಯಿತು. ಅಷ್ಟು ಸಾಲದೆಂಬಂತೆ ಕೋವಿಯನ್ನು ಬಾಚಿಕೊಂಡು ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿಬಿಟ್ಟನು.

"ಥೂ! ಥೂ! ಅಯ್ಯೋ ಪಾಪಿ!" ಪರಿವಾರವೆಲ್ಲ ಬೊಬ್ಬಿಟ್ಟಿತು. ದೊರೆಯು ಹಾವು ಕಂಡವನಂತೆ ಹಿಂದಕ್ಕೆ ಜಿಗಿದನು. ಕಾವಲಿನವರು ಬೀರೋಜನನ್ನು ನೆಲಕ್ಕೆ ಕೆಡವಿ ಈಟಿಯ ಹಿಡಿಗಳಿಂದ ಬಾಯಿಯ ಮೇಲೆಯೇ ಬಡಿದರು. ತುಟಿ ಸೀಳಿತು, ಮುಂದಿನ ಹಲ್ಲುಗಳು ಉದುರಿದವು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ.

ಅಷ್ಟರಲ್ಲಿ ಪೊದೆಗಳನ್ನು ಮುರಿದುಕೊಂಡು ಹಂದಿಗಳು ಬಯಲಿಗೆ ಬೀಳುವ ಸದ್ದು ಕೇಳಿಸಿತು. ಭುಜಂಗನಾಯಕನಿಗೆ ತಾಳ್ಮೆ ಕೆಟ್ಟಿತು. ಕೈಗೆ ಬಂದ ರಾಜ್ಯ ಒಂದು ಉಗುಳಿಗೆ ತಪ್ಪಿಹೋಗುವುದೆಂದರೇನು! ತನ್ನ ಉತ್ತರೀಯದಿಂದಲೇ ಕೋವಿಯನ್ನು ಒರೆಸಿ ಮುಂದೆ ಚಾಚಿದನು.

"ಪ್ರಭು, ಮುಹೂರ್ತ ಮೀರುತ್ತದೆ. ಸ್ವಲ್ಪ ನೀರು ಚಿಮುಕಿಸಿದರೆ ಆಯಿತು. ಹಿಡಿಯಿರಿ, ಹಾರಿಸಿ!"

ದೊರೆಯು ಕೈ ಮುಂದೆ ಮಾಡಿದವನು ಅಲ್ಲಿಯೇ ತಡೆದನು. "ಏಳು ನದಿಗಳ ನೀರಿಗೂ ಹೋಗದ ಎಂಜಲು ಎಂದಿರಲ್ಲ, ಚಿಕ್ಕಪ್ಪನವರೇ?"

"ಅದು... ಆಪತ್ಕಾಲದಲ್ಲಿ ದೋಷವಿಲ್ಲ, ಪ್ರಭು."

"ಹಾಗಾದರೆ ಇಂದಿನ ಮೊದಲ ಗುಂಡಿನ ಗೌರವ ತಮಗೇ ಇರಲಿ. ಹಂದಿ ಎದುರಿಗೇ ಇದೆ. ಹಾರಿಸಿ."

ಭುಜಂಗನಾಯಕನ ಮುಖ ಬೂದಿಯಾಯಿತು. "ಛೆ ಛೆ, ನಾನು ಇನ್ನೊಬ್ಬರ ಎಂಜಲನ್ನು ಹೇಗೆ..." ಎಂದು ಬಾಯಿಗೆ ಬಂದದ್ದನ್ನು ಆಡಿ, ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡನು.

ಹಂದಿಗಳು ಬಂದ ದಾರಿಯಲ್ಲೇ ಓಡಿಹೋದವು. ಯಾರೂ ಅತ್ತ ನೋಡಲಿಲ್ಲ. ದೊರೆಯು ಮೆಲ್ಲನೆ, "ಆ ಹುಣಿಸೆಮರದ ಕವಲಿಗೆ ಕೋವಿಯನ್ನು ಬಿಗಿಯಿರಿ. ಉದ್ದದ ಬತ್ತಿ ಹಚ್ಚಿ," ಎಂದು ಆಜ್ಞಾಪಿಸಿದನು. ಭಟರು ಹಗ್ಗ ಬಿಗಿಯುತ್ತಿರುವಾಗಲೇ ಭುಜಂಗನಾಯಕನು ಕುದುರೆಗಳಿದ್ದ ಕಡೆಗೆ ಹೆಜ್ಜೆ ಹಾಕತೊಡಗಿದ್ದನು. ಬತ್ತಿ ಉರಿದು ಕಿವಿಗೆ ತಾಗಿತು. ಕಾಡೇ ಕಿತ್ತುಬಂದಂತಹ ಶಬ್ದ. ಹೊಗೆ ಸರಿದಾಗ ಮೃಗಭೈರವಿಯ ನಳಿಗೆ ನಡುವಿನಲ್ಲಿ ಸೀಳಿ ಹರಡಿತ್ತು. ಹಿಡಿಯ ಮರದ ಚೂರುಗಳು ಹುಣಿಸೆಯ ಕಾಂಡದಲ್ಲಿ ಗೇಣಾಳ ನೆಟ್ಟಿದ್ದವು. ಸೀಳಿನ ಒಳಗೆ ಸುಟ್ಟ ಜೇಡಿಮಣ್ಣೂ ಬಟ್ಟೆಯ ಉಂಡೆಯೂ ಅಂಟಿಕೊಂಡಿದ್ದವು.

ಭುಜಂಗನಾಯಕನನ್ನು ಕುದುರೆಯ ಕಾಲಡಿಯಿಂದ ಎಳೆತಂದು ನಿಲ್ಲಿಸಿದರು. ಅವನು, "ಮಗೂ, ಜಕ್ಕಣ್ಣಾ..." ಎಂದು ಮುದ್ದಿನ ಹೆಸರು ಹಿಡಿದು ಅಳತೊಡಗಿದನು. ಆ ಕರೆ ಕಿವಿಗೆ ಬಿದ್ದದ್ದೇ ತಡ, ದೊರೆಯು ಪಕ್ಕಕ್ಕೆ ತಿರುಗಿ, ಎರಡು ಕೈಗಳನ್ನೂ ಮೊಣಕಾಲಿಗೆ ಊರಿ, ಬೆಳಗಿನ ಹಾಲನ್ನೆಲ್ಲ ಕಾರಿಕೊಂಡನು. ಬಾಯಿ ಒರೆಸಿಕೊಳ್ಳುತ್ತ, "ಇವನನ್ನು ಕಣ್ಣೆದುರಿನಿಂದ ತೊಲಗಿಸಿ. ಸಂಕೋಲೆ ಹಾಕಿ ದುರ್ಗಕ್ಕೆ ಒಯ್ಯಿರಿ," ಎಂದಷ್ಟೇ ಹೇಳಿದನು.

ಬೀರೋಜನು ಅಷ್ಟು ಹೊತ್ತಿಗೆ ತೆವಳುತ್ತ ಮರದ ಬುಡ ಸೇರಿ, ಬಿಸಿಯಾರದ ಕಬ್ಬಿಣದ ಚೂರುಗಳನ್ನು ಮಡಿಲಿಗೆ ತುಂಬಿಕೊಳ್ಳುತ್ತಿದ್ದನು. ಗಲ್ಲದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ದೊರೆಯು ಅವನ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕುಳಿತನು.

"ಬೀರೋಜ, ಏನು ಬೇಕು ಕೇಳು. ಊರು ಕೇಳು, ಉಂಬಳಿ ಕೇಳು."

"ಬಾಯಿ ಮುಕ್ಕಳಿಸಲು ನೀರು, ಮಹಾಪ್ರಭು. ಭೈರವಿಗೆ ಉಗುಳಿದ ಬಾಯಿ ಇದು. ನನಗೇ ಅಸಹ್ಯವಾಗುತ್ತಿದೆ."

ದೊರೆಯು ತನ್ನ ಸೊಂಟದ ಬೆಳ್ಳಿಯ ಗಿಂಡಿಯನ್ನು ಬಿಚ್ಚಿ ಕೊಟ್ಟನು. ಬೀರೋಜನು ರೂಢಿಯಂತೆ ಎತ್ತಿ ಹೊಯ್ದುಕೊಳ್ಳಲು ಹೋದನು. ಸೀಳಿದ ತುಟಿಯಲ್ಲಿ ನೀರು ನಿಲ್ಲಲಿಲ್ಲ.

"ಕಚ್ಚಿ ಕುಡಿ," ಎಂದನು ದೊರೆ.

ಅವನು ಗಿಂಡಿಗೆ ಬಾಯಿ ಇಟ್ಟು ಮುಕ್ಕಳಿಸಿ ಉಗುಳಿ, ಮತ್ತೆ ಬಾಯಿ ಇಟ್ಟು ಎರಡು ಗುಟುಕು ಕುಡಿದನು. ಗಿಂಡಿಯ ಅಂಚಿಗೆ ರಕ್ತವೂ ಎಲೆಯಡಿಕೆಯೂ ಮೆತ್ತಿಕೊಂಡವು. ದೊರೆಯು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಒರೆಸದೆ, ಉಳಿದ ನೀರನ್ನು ತಾನೂ ಕಚ್ಚಿ ಕುಡಿದನು. ಹಿಂದೆ ನಿಂತವರು ಅಯ್ಯೋ ಎಂದರು. ದೊರೆಯ ಕಣ್ಣಲ್ಲಿ ನೀರಾಡಿತು, ಮುಖವೆಲ್ಲ ಕಿವುಚಿಕೊಂಡಿತು.

"ಛೀ ಛೀ, ಇದೇನು ಪ್ರಭು, ಎಳೆಕೂಸಿನ ಹಾಗೆ!" ಎಂದು ಬೀರೋಜನು ಗದರಿಬಿಟ್ಟನು. "ರಕ್ತದ ನೀರು ಅದು, ಹೇಸಿಗೆ! ಉಗುಳಿ, ಮೊದಲು ಉಗುಳಿ!"

"ನುಂಗಿಯಾಯಿತು ಬೀರೋಜ," ಎಂದನು ದೊರೆ.